ಪುರುಷೋತ್ತಮನೂ ಯುಗಂಧರನೂ: ಗಡಿನಾಡಿನ ಪತ್ತೇದಾರಿ ಓದು

ಪತ್ತೇದಾರಿ ಕಾದಂಬರಿಯ ಮಾತು ಬಂದೊಡನೆ ಮೂಗು ಮುರಿಯುವುದು ನಮ್ಮ ಸಾಹಿತ್ಯ ಸಮ್ಮೇಳನಗಳ ಹಳೆಯ ರೂಢಿ. ಕಾವ್ಯಕ್ಕೆ, ವಚನಕ್ಕೆ, ಸಣ್ಣಕಥೆಗೆ ಗೋಷ್ಠಿಗಳುಂಟು. ಕೊಲೆಗಾರನನ್ನು ಬೆನ್ನಟ್ಟುವ ಕಥೆಗೆ ಮಾತ್ರ ವೇದಿಕೆಯ ಮೇಲೆ ಆಸನವಿಲ್ಲ. ಆದರೆ ನೇಮಕಲ್ಲು, ರಾಯದುರ್ಗ, ಮಡಕಶಿರಾ ಭಾಗದ ಕನ್ನಡಿಗರಾದ ನಾವು ಈ ರೂಢಿಗೆ ತಲೆದೂಗುವ ಮುನ್ನ ತುಸು ಯೋಚಿಸಬೇಕು. ಕನ್ನಡ ಶಾಲೆಗಳು ಅಲ್ಲಲ್ಲಿ ಉಳಿದಿದ್ದರೂ ನಮ್ಮ ಎಷ್ಟೋ ಮಕ್ಕಳ ಕಲಿಕೆ ತೆಲುಗಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಕಚೇರಿಯ ವ್ಯವಹಾರ ತೆಲುಗಿನಲ್ಲಿ. ಕನ್ನಡ ಮನೆಯ ಮಾತಾಗಿ ನಿಂತಿದೆ. ಇಂಥಲ್ಲಿ, ಯಾರ ಒತ್ತಾಯವೂ ಇಲ್ಲದೆ ಕನ್ನಡ ಪುಸ್ತಕವೊಂದನ್ನು ಕೊನೆಯ ಪುಟದವರೆಗೆ ಓದಿಸಬಲ್ಲ ಬರವಣಿಗೆಯನ್ನು ಕಡೆಗಣಿಸುವಷ್ಟು ಸಿರಿವಂತರು ನಾವಲ್ಲ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಕನ್ನಡ ಓದುಗರ ಮುಂದೆ ಮೊದಲು ಕಾಣಿಸಿಕೊಂಡದ್ದು 1952ರಲ್ಲಿ. ಅದರ ಮರುವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಗಡಿಗೆರೆ ನಮ್ಮ ಊರುಗಳನ್ನು ಆಚೆಗೆ ತಳ್ಳಿದರೂ ಪುರುಷೋತ್ತಮನಿಗೆ ಆ ಗೆರೆಯನ್ನು ದಾಟುವುದು ಕಷ್ಟವಾಗಲಿಲ್ಲ. ಅಗ್ಗದ ಬೆಲೆಯ ಆ ಪುಸ್ತಕಗಳು ಕೈಯಿಂದ ಕೈಗೆ ಸಾಗುವಂಥವು.

ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಹಾಗಿದ್ದೂ ಅವರು ಬರೆದ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರಿತು. ಪುರುಷೋತ್ತಮನ ಜೊತೆಗೆ ಮಧುಸೂದನ, ಅರಿಂಜಯ, ಗಾಳಿರಾಯರೆಂಬ ಪತ್ತೇದಾರರನ್ನೂ ಅವರು ಸೃಷ್ಟಿಸಿದರು. ಅವರ ಕನ್ನಡ ತಿಳಿಯಾದದ್ದು. ಅಕ್ಷರಗಳನ್ನು ಕೂಡಿಸಿಕೊಂಡು ಓದುವವನೂ ಎಡವದೆ ಮುಂದಕ್ಕೆ ಹೋಗಬಲ್ಲ. ಹೊಸದಾಗಿ ಅಕ್ಷರ ಕಲಿತವರನ್ನು ಓದುಗರನ್ನಾಗಿ ಮಾಡಿದ್ದು ಸಣ್ಣ ಸಾಧನೆಯಲ್ಲ. ಪಂಡಿತರು ಬಯಸಿದರೂ ಅದು ಸುಲಭವಾಗಿ ಕೈಗೂಡುವುದಿಲ್ಲ.

ಈ ಮಾಲಿಕೆಗಳ ಹಿಡಿತದ ಗುಟ್ಟೇನು? ಕೊಲೆಗಾರ ಯಾರೆಂಬ ಕುತೂಹಲವೊಂದೇ ಎಂದರೆ ಅರ್ಧ ಉತ್ತರವಾದೀತು. ಕುತೂಹಲ ಪುಸ್ತಕ ಮುಗಿದೊಡನೆ ಮುಗಿಯುತ್ತದೆ. ಮಾಲಿಕೆ ಮುಂದುವರಿಯುವುದು ಪರಿಚಯದ ಬಲದಿಂದ. ಪುರುಷೋತ್ತಮ ಸಾಯುವುದಿಲ್ಲವೆಂದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೂ ಅವನು ಉಸಿರು ಬಿಗಿಹಿಡಿಯುತ್ತಾನೆ. ಇದು ನಮಗೆ ಅಪರಿಚಿತವಾದ ರಸವಲ್ಲ. ಬಯಲಾಟದಲ್ಲಿ ದುರ್ಯೋಧನ ಬೀಳುವನೆಂದು ತಿಳಿಯದೆ ಬೆಳಗಿನವರೆಗೆ ಕುಳಿತವರು ಯಾರಿದ್ದಾರೆ? ಕೊನೆ ಗೊತ್ತಿರುವುದರಿಂದಲೇ ನಡೆಯ ಮೇಲೆ ಕಣ್ಣು ನೆಡುತ್ತದೆ: ಈ ಸಲ ಹೇಗೆ ಪಾರಾಗುತ್ತಾನೆ, ಯಾವ ಮಾತಿನಿಂದ ಕಳ್ಳನ ಬಾಯಿ ಕಟ್ಟುತ್ತಾನೆ ಎಂಬುದೇ ಮುಖ್ಯವಾಗುತ್ತದೆ.

ಈ ಪರಿಚಯದ ಬಲ ಎಷ್ಟೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವೊಂದುಂಟು. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ತನ್ನ ಷರ್ಲಾಕ್ ಹೋಮ್ಸನನ್ನು ಕಥೆಯೊಳಗೆ ಕೊಂದರು, ಓದುಗರು ಒಪ್ಪಲಿಲ್ಲ, 1903ರಲ್ಲಿ ಅವನನ್ನು ಮರಳಿ ಕರೆತರಬೇಕಾಯಿತು. ಕಥೆ ಲೇಖಕನದಾದರೂ ಪತ್ತೇದಾರನ ಮೇಲೆ ಓದುಗರಿಗೂ ಹಕ್ಕು ಹುಟ್ಟಿರುತ್ತದೆ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ನಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಎಷ್ಟೋ ಸಲ ಆಕಸ್ಮಿಕವೇ ಬುದ್ಧಿಯ ಕೆಲಸವನ್ನು ಮಾಡಿಬಿಡುತ್ತದೆ. ವೇಷ ಬದಲಿಸಿದರೆ ಸಾಕು, ಆಪ್ತರಿಗೂ ಗುರುತು ಸಿಗುವುದಿಲ್ಲ. ಖಳ ಹುಟ್ಟಾ ಖಳ. ಹೆಣ್ಣು ಒಂದೋ ಬಲೆ, ಇಲ್ಲವೇ ಬಲಿ. ಇವನ್ನೆಲ್ಲ ಕ್ಷಮಿಸಬಹುದು. ಓದುಗನಿಗೆ ಎಲ್ಲೂ ತೋರಿಸದ ಸುಳಿವನ್ನು ಕೊನೆಯ ಅಧ್ಯಾಯದಲ್ಲಿ ಕಿಸೆಯಿಂದ ತೆಗೆಯುವ ಪತ್ತೇದಾರನನ್ನು ಮಾತ್ರ ಕ್ಷಮಿಸಲಾಗದು. ಪತ್ತೇದಾರಿ ಕಾದಂಬರಿ ಲೇಖಕನಿಗೂ ಓದುಗನಿಗೂ ನಡುವಣ ಪಂದ್ಯ. ಕಾಯಿಗಳೆಲ್ಲ ಹಾಸಿನ ಮೇಲಿದ್ದರೇ ಆಟಕ್ಕೆ ಬೆಲೆ.

ಗಂಭೀರ ಸಾಹಿತ್ಯವೂ ಈ ಪ್ರಕಾರದಿಂದ ಸಾಲ ಪಡೆದಿದೆಯೆಂಬುದನ್ನು ಮರೆಯಬಾರದು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಅಂಗಾಡಿಯೆಂಬ ಅಧಿಕಾರಿ ತನಿಖೆಗೆಂದು ಕೆಸರೂರಿಗೆ ಬರುತ್ತಾನೆ. ಪತ್ತೇದಾರಿಯ ಕೊಕ್ಕೆಯಿಂದಲೇ ತೇಜಸ್ವಿ ನಮ್ಮನ್ನು ಒಳಗೆಳೆಯುತ್ತಾರೆ. ಆದರೆ ಅದು ಕೊಡುವ ನೆಮ್ಮದಿಯನ್ನು ಕೊಡುವುದಿಲ್ಲ. ಪುರುಷೋತ್ತಮನ ಲೋಕದಲ್ಲಿ ಅಪರಾಧಿ ಒಬ್ಬ. ಅವನು ಸಿಕ್ಕಿಬಿದ್ದರೆ ಊರು ಮೊದಲಿನಂತಾಗುತ್ತದೆ. ಕೆಸರೂರಿನಲ್ಲಿ ಜಾತಿ, ಲೋಭ, ಅರಣ್ಯನಾಶ ಎಲ್ಲವೂ ಹೆಣೆದುಕೊಂಡಿವೆ. ಕೈಕೋಳ ಯಾರಿಗೆ ತೊಡಿಸುವುದು? ಈ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪುರುಷೋತ್ತಮನ ಸರಳ ಲೋಕವನ್ನು ಬಲ್ಲ ಓದುಗನಿಗೆ ಕೆಸರೂರಿನ ಸಿಕ್ಕು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಒಂದನ್ನು ಓದಿದ್ದು ಇನ್ನೊಂದಕ್ಕೆ ಮೆಟ್ಟಿಲಾಗುತ್ತದೆ.

ಗಡಿನಾಡಿನ ನಮಗೆ ಇನ್ನೊಂದು ಭಾಗ್ಯವೂ ಉಂಟು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರನೂ ಅವನ ಸಹಾಯಕ ರಾಜುವೂ ಇದ್ದಾರೆ. ಎರಡು ಭಾಷೆಗಳ ಪತ್ತೇದಾರರನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಸುಖ ಮೈಸೂರಿನವರಿಗೂ ವಿಜಯವಾಡದವರಿಗೂ ಸುಲಭದಲ್ಲಿ ಸಿಗದು. ತೆಲುಗು ಕನ್ನಡಗಳ ಲಿಪಿಗಳು ಒಂದೇ ಬೇರಿನಿಂದ ಒಡೆದ ಕವಲುಗಳು. ತೆಲುಗು ಅಕ್ಷರ ಬಲ್ಲ ನಮ್ಮ ಮಕ್ಕಳಿಗೆ ತಲೆಕಟ್ಟಿನ ವ್ಯತ್ಯಾಸವನ್ನೂ ಬೇರೆಯಾಗಿರುವ ಕೆಲವು ಅಕ್ಷರಗಳನ್ನೂ ತೋರಿಸಿಕೊಟ್ಟರೆ ಕನ್ನಡದ ಓದು ಬಹಳ ದೂರವಿಲ್ಲ. ಮಾತು ಮನೆಯಲ್ಲೇ ಇದೆ. ಕೊರತೆಯಿರುವುದು ಪುಟ ತಿರುವಬೇಕೆಂಬ ಆಸೆಯದು. ಆ ಆಸೆಯನ್ನು ನೀತಿಪಾಠಗಳಿಗಿಂತ ಬೇಗ ಹುಟ್ಟಿಸುವುದು, ಅಧ್ಯಾಯದ ತುದಿಯಲ್ಲಿ ಬಾಗಿಲು ಬಡಿದ ಸದ್ದು.

ಪತ್ತೇದಾರಿ ಬರವಣಿಗೆ ನುಡಿಯಭಿಮಾನಕ್ಕೆ ಹೊರತಾದದ್ದೆಂದು ಯಾರಾದರೂ ಹೇಳಿದರೆ ಮ. ರಾಮಮೂರ್ತಿಯವರ ಹೆಸರನ್ನು ಹೇಳಿದರೆ ಸಾಕು. ನಮ್ಮ ಸಮಾರಂಭಗಳಲ್ಲಿ ಹಾರುವ ಅರಿಶಿನ ಕುಂಕುಮ ಬಣ್ಣದ ಬಾವುಟವನ್ನು ನಾಡಿಗೆ ಕೊಟ್ಟ ಆ ಹೋರಾಟಗಾರರು ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು. ಒಂದೇ ಕೈ ಎರಡೂ ಕೆಲಸವನ್ನು ಮಾಡಿತು.

ಆದ್ದರಿಂದ ನಮ್ಮ ವಿನಂತಿ ಇಷ್ಟೆ. ಸಂಘದ ಪುಸ್ತಕದ ಕಪಾಟಿನಲ್ಲಿ ಪಂಪ, ಕುಮಾರವ್ಯಾಸರ ಕೆಳಗಿನ ಸಾಲಿನಲ್ಲಿ, ಮಕ್ಕಳ ಕೈಗೆಟಕುವಂತೆ, ಪುರುಷೋತ್ತಮನಿಗೂ ಅರಿಂಜಯನಿಗೂ ಜಾಗವಿರಲಿ. ಮನೆಯಲ್ಲಿ ಹಿರಿಯರು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಕಥೆ ಬಿಗಿಯಾದಲ್ಲಿ ನಿಲ್ಲಿಸಿ, ಪುಸ್ತಕವನ್ನು ಅಲ್ಲೇ ಬಿಟ್ಟು ಏಳಲಿ. ಮುಂದಿನ ಅಧ್ಯಾಯವನ್ನು ಮಕ್ಕಳೇ ಓದಿಕೊಳ್ಳಲಿ.