ವಾಲಿಯ ಮಾತು, ಭಾಗವತರ ಪದ್ಯ

ಯಕ್ಷಗಾನದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಪುತ್ತೂರು, ಸುಳ್ಯ, ಕಡಬ ಸೀಮೆಯ ದೇವಸ್ಥಾನಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ಮಳೆಗಾಲವಿಡೀ ನಡೆಯುತ್ತ ಬಂದಿರುವ ತಾಳಮದ್ದಳೆಯ ಕೂಟವು, ವೇಷವಿಲ್ಲದೆ, ಕುಣಿತವಿಲ್ಲದೆ, ಮಾತೊಂದರಿಂದಲೇ ಪಾತ್ರವನ್ನು ನಿರ್ಮಿಸುವ ಕಲೆ. ಪಾತ್ರವಾಗಿ ಮಾತನಾಡುವ ಅರ್ಥಧಾರಿಯ ಮಾತು ಬರೆದಿಟ್ಟುದಲ್ಲ, ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ಕಥೆಯಾದರೋ ಪ್ರಸಂಗಕರ್ತನ ಪದ್ಯಗಳಲ್ಲಿ ಮೊದಲೇ ಬಿಗಿದುದು. ಏನನ್ನು ಹೇಳಬೇಕೆಂಬಲ್ಲಿ ವಿಪುಲವಾದ ಸ್ವಾತಂತ್ರ್ಯವನ್ನೂ, ಏನಾಗಬೇಕೆಂಬಲ್ಲಿ ಸಂಪೂರ್ಣ ಅಸಹಾಯಕತೆಯನ್ನೂ ಒಬ್ಬನಿಗೇ ಏಕಕಾಲದಲ್ಲಿ ವಿಧಿಸಿರುವ ಈ ಸಂಪ್ರದಾಯದ ಗುಣದೋಷಗಳನ್ನು ಆ ಎರಡರ ಸಂಬಂಧದಿಂದಲೇ ಅಳೆಯಬೇಕು.

ಪಾತ್ರವಹಿಸಿ ಆಡುವ ಇಂದಿನ ವಿಡಿಯೊ ಗೇಮುಗಳಲ್ಲಿಯೂ ಸ್ವಾತಂತ್ರ್ಯ, ಅಸಹಾಯಕತೆಗಳ ಈ ಜಿಜ್ಞಾಸೆ ಉಂಟು. ಆಡುವವನ ಆಯ್ಕೆಗೆ ಕಥೆ ಮಣಿಯಬೇಕೆಂಬುದು ಒಂದು ಪಕ್ಷ. 2005ರಲ್ಲಿ ರಷ್ಯದಲ್ಲಿ ಹೊರಬಂದ 'ಪ್ಯಾಥಾಲಜಿಕ್'ನಂತೆ, ಮಹಾಮಾರಿ ಹೊಕ್ಕ ಊರಿನಲ್ಲಿ ಹನ್ನೆರಡು ದಿನ ಹೆಣಗುವವನಿಗೆ ಹೊತ್ತೂ ಬಲವೂ ಸಾಲದಂತೆ ಬೇಕೆಂದೇ ಕಟ್ಟುವುದು ಇನ್ನೊಂದು ಪಕ್ಷ. ನಮ್ಮ ಕೂಟವು ಎರಡನೆಯ ಪಕ್ಷದ್ದಾದರೂ ಅದಕ್ಕಿಂತ ನಿಷ್ಠುರವಾದುದು. ಏಕೆಂದರೆ ಇಲ್ಲಿ ಸೋಲು ನಿಶ್ಚಿತವೆಂಬುದನ್ನು ಅರ್ಥಧಾರಿಯೂ ಎದುರಾಳಿಯೂ ಶ್ರೋತೃಗಳೂ ಮೊದಲೇ ಬಲ್ಲರು.

'ವಾಲಿವಧೆ' ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಉರುಳಿದ ವಾಲಿ, ನಿನಗೂ ನನಗೂ ಏನು ವೈರ, ಎದುರು ನಿಲ್ಲದೆ ಏಕೆ ಹೊಡೆದೆ ಎಂದು ರಾಮನನ್ನು ಎಷ್ಟು ಹೊತ್ತು ಬೇಕಾದರೂ ಪ್ರಶ್ನಿಸಲಿ, ಅವನ ತರ್ಕಕ್ಕೆ ರಾಮನೇ ತಡವರಿಸಲಿ, ಪದ್ಯ ಹಾಡುವ ಭಾಗವತರು ಮುಂದಿನದನ್ನೆತ್ತಿದರೆಂದರೆ ವಾದಕ್ಕೆ ಅಲ್ಲಿಗೆ ಮಂಗಳ. ವಾಲಿ ಶರಣಾಗಿ ಮಗ ಅಂಗದನನ್ನು ಒಪ್ಪಿಸಲೇಬೇಕು. ಸಭೆಯ ಮೆಚ್ಚುಗೆಯಿಂದ ಉಬ್ಬಿದ ಅರ್ಥಧಾರಿ, ಅದುವರೆಗೆ ರಾಮನನ್ನು ನಿರುತ್ತರನನ್ನಾಗಿಸಿ, ಪದ್ಯ ಬಂದೊಡನೆ ಎರಡು ಮಾತಿನ ಸ್ತುತಿಯನ್ನು ಅವಸರವಾಗಿ ಒಪ್ಪಿಸಿಬಿಟ್ಟರೆ, ಗೆದ್ದವನು ಅರ್ಥಧಾರಿ, ಸತ್ತದ್ದು ಪಾತ್ರ. ಶರಣಾಗತಿಯನ್ನು ತನ್ನ ವಾದದ ಕೊನೆಯ ಮೆಟ್ಟಿಲನ್ನಾಗಿ ತಾನೇ ಕಟ್ಟಿಕೊಳ್ಳಬಲ್ಲವನು ಮಾತ್ರ ನಿಜವಾಗಿ ಸ್ವತಂತ್ರನು.

ಈ ದೃಷ್ಟಿಯಿಂದ ಕಳೆದ ಶತಮಾನದ ಇಬ್ಬರು ಅರ್ಥಧಾರಿ ಮಹನೀಯರನ್ನು ಹೋಲಿಸುವುದು ಉಚಿತ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರಿಗೆ ತರ್ಕದ ಕವಚವನ್ನು ತೊಡಿಸಿ, ಸೋಲುವವನ ಪಕ್ಷವೂ ಒಂದು ಪಕ್ಷವೆಂಬ ಗೌರವವನ್ನು ತಂದುಕೊಟ್ಟರು; ಆದರೆ ಎದುರಿಗೆ ಸಮಬಲರಿಲ್ಲದಾಗ ಕಥೆಯೇ ಕುಬ್ಜವಾಗುವ ಅಪಾಯ ಆ ಪದ್ಧತಿಯೊಳಗೇ ಇದ್ದಿತು, ಅನುಕರಿಸಿದವರಲ್ಲಂತೂ ಅದು ಎದ್ದು ತೋರಿತು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914–1984) ಹಿಡಿದುದು ಭಾವದ ದಾರಿ: ಎದುರಿನವನ ಮಾತಿಗೆ ಎಡೆಗೊಟ್ಟು, ಪಾತ್ರದ ಮನಸ್ಸು ಬಾಗುವ ಬಗೆಯನ್ನು ಸಹಜ ಸಂಭಾಷಣೆಯಲ್ಲಿ ತೋರಿಸುವುದು. ಮೊದಲನೆಯದರಲ್ಲಿ ಪ್ರತಿರೋಧದ ತೇಜಸ್ಸು ಹೆಚ್ಚು. ಅನಿವಾರ್ಯವಾದುದನ್ನು ಸ್ವೀಕರಿಸುವ ಘನತೆ ಎರಡನೆಯದರಲ್ಲಿ ಹೆಚ್ಚು. ಕೂಟಕ್ಕೆ ಎರಡೂ ಬೇಕು; ಒಂದನ್ನೇ ಆರಿಸಬೇಕಾದರೆ, ಪ್ರಸಂಗದ ಅಂತ್ಯವನ್ನು ಸಾರ್ಥಕಗೊಳಿಸುವ ದೇರಾಜೆಯವರ ದಾರಿಯೇ ಶ್ರೇಯಸ್ಕರವೆಂದು ನನ್ನ ಮತ.

ಇನ್ನು ಮಾತೇ ಬೇಕೆ ಎಂಬ ಪ್ರಶ್ನೆಯೂ ಉಂಟು. ಪುತ್ತೂರಿನಲ್ಲಿಯೇ ನೆಲೆಸಿದ್ದ ಶಿವರಾಮ ಕಾರಂತರು, 'ಯಕ್ಷಗಾನ ಬಯಲಾಟ' ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದವರು, ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಬಹುಮಟ್ಟಿಗೆ ತೊರೆದು ಗಾನನರ್ತನಗಳನ್ನೇ ನೆಚ್ಚಿದರು. ರಂಗದ ಮೇಲೆ ಅದು ಸಲ್ಲಬಹುದು. ಆದರೆ ಸಂಧಿ ಮುರಿಯುವುದು ಖಂಡಿತವಾಗಿರುವ 'ಕೃಷ್ಣಸಂಧಾನ'ದಲ್ಲಿ ಕೃಷ್ಣ, ಕೌರವರಿಬ್ಬರೂ ತಾವು ತಪ್ಪಿಸಲಾರದ ಯುದ್ಧಕ್ಕೆ ತಮ್ಮ ತಮ್ಮ ಮಾತಿನಿಂದಲೇ ಹೊಣೆಗಾರರಾಗುವ ಆ ನೈತಿಕ ನಾಟಕವು ಮಾತಿಲ್ಲದೆ ಸಿದ್ಧಿಸದು.

ಆದುದರಿಂದ, ಅಂತ್ಯವನ್ನು ಬದಲಿಸುವ ಅಧಿಕಾರವನ್ನು ಅರ್ಥಧಾರಿಗೆ ಕೊಟ್ಟರೆ ಕೂಟವು ಬರಿಯ ಚರ್ಚಾಸ್ಪರ್ಧೆಯಾದೀತು. ಮಾತಿನ ಅಧಿಕಾರವನ್ನು ಕಿತ್ತುಕೊಂಡರೆ ಪುರಾಣವಾಚನವಾದೀತು. ಸಂಘಟಕರು ಸಮಬಲರನ್ನು ಎದುರುಬದುರು ಕೂರಿಸಲಿ, ಭಾಗವತರು ಪದ್ಯವೆತ್ತುವ ಹೊತ್ತನ್ನರಿಯಲಿ, ವಿಮರ್ಶಕರು ಯಾರು ಗೆದ್ದರೆಂದು ಕೇಳುವುದನ್ನು ಬಿಟ್ಟು, ಪದ್ಯವು ವಿಧಿಸಿದ ಸೋಲನ್ನು ಪಾತ್ರವು ಮಾತಿನಿಂದ ತನ್ನದಾಗಿಸಿಕೊಂಡಿತೇ ಎಂದು ವಿಚಾರಿಸಲಿ.