ಮಡ್‌ಗಾರ್ಡ್ ಎಕ್ಸ್‌ಟ್ರಾ ಸಾರ್

ಐದು ವರ್ಷದ ಹಿಂದೆ ಸೈಕಲ್ ಕೊಳ್ಳೋಕೆ ಹೋದಾಗ ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆ, ‘ಫಿಟ್‌ನೆಸ್‌ಗಾ ಸಾರ್, ವೀಕೆಂಡ್ ರೈಡ್‌ಗಾ?’ ‘ಆಫೀಸಿಗೆ’ ಅಂದೆ. ಅವನ ಪಟ್ಟಿಯಲ್ಲಿ ಆ ಉತ್ತರಕ್ಕೆ ಜಾಗ ಇರಲಿಲ್ಲವೇನೋ, ಒಂದು ಕ್ಷಣ ತಡೆದು ಹೈಬ್ರಿಡ್ ಸೈಕಲ್ಲುಗಳ ಸಾಲಿಗೆ ಕರಕೊಂಡು ಹೋದ. ಅಲಾಯ್ ಫ್ರೇಮು, 21 ಗೇರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಬೆಲೆ 28 ಸಾವಿರ. ಮಡ್‌ಗಾರ್ಡ್ ಎಲ್ಲಪ್ಪಾ ಅಂದೆ. ‘ಅದು ಎಕ್ಸ್‌ಟ್ರಾ ಸಾರ್.’ ಕ್ಯಾರಿಯರ್ರು? ಎಕ್ಸ್‌ಟ್ರಾ. ಸ್ಟ್ಯಾಂಡು? ಎಕ್ಸ್‌ಟ್ರಾ. ಲೈಟು ಕೇಳೋಕೆ ಧೈರ್ಯ ಬರಲಿಲ್ಲ.

ಅಪ್ಪನ ಸೈಕಲ್ಲಿಗೆ ಇವೆಲ್ಲ ಇದ್ದವು. ತಿಪಟೂರು ಕಡೆಯ ನಮ್ಮೂರಲ್ಲಿ ಬೆಳಿಗ್ಗೆ ಅದು ಡೈರಿಗೆ ಹಾಲಿನ ಕ್ಯಾನು ಹೊರುತ್ತಿತ್ತು, ಮಧ್ಯಾಹ್ನ ಗೊಬ್ಬರದ ಮೂಟೆ, ಸಂಜೆ ಅಮ್ಮನನ್ನು. ನಾನು ಸೈಕಲ್ ಕಲಿತಿದ್ದೂ ಅದರ ಮೇಲೇ, ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿಕೊಂಡು. ಹಾಗಂತ ಇದು ‘ಆ ಕಾಲವೇ ಚೆನ್ನಾಗಿತ್ತು’ ಅನ್ನೋ ಲೇಖನ ಅಲ್ಲ. ಅಪ್ಪನ ಸೈಕಲ್ಲು 20 ಕೆಜಿ ಮೇಲಿತ್ತು. ಮಳೆ ಬಿದ್ದರೆ ಅದರ ಬ್ರೇಕು ಬರೀ ಹೆಸರಿಗೆ. ಸ್ಟೀಲ್ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯೋದೇ ಇಲ್ಲ. ಕೆರೆ ಏರಿಯ ಇಳಿಜಾರಲ್ಲಿ ಚಪ್ಪಲಿ ನೆಲಕ್ಕೆ ಉಜ್ಜಿಯೇ ನಿಲ್ಲಿಸಬೇಕಿತ್ತು. ನನ್ನ ಸೈಕಲ್ಲಿನ ಡಿಸ್ಕ್ ಬ್ರೇಕು ಅದಕ್ಕಿಂತ ಸಾವಿರ ಪಾಲು ಮೇಲು, ಅದನ್ನು ಒಪ್ಪದಿದ್ದರೆ ಮೋಸ.

ನನ್ನ ತಕರಾರು ಬೇರೆ. ಈ ಐದು ವರ್ಷದಲ್ಲಿ ಸೈಕಲ್ ರಿವ್ಯೂಗಳನ್ನು ಓದಿದ್ದೇನೆ, ನೋಡಿದ್ದೇನೆ, ಬೇಡದಷ್ಟು. ‘ಡೈಲಿ ಕಮ್ಯೂಟ್‌ಗೆ ಬೆಸ್ಟ್’ ಅಂತ ಶುರುವಾಗುವ ವಿಡಿಯೋದಲ್ಲಿ ಸೈಕಲ್ಲು ಭಾನುವಾರ ಬೆಳಿಗ್ಗೆ ಆರಕ್ಕೆ ನಂದಿ ಬೆಟ್ಟದ ದಾರಿಯಲ್ಲಿರುತ್ತದೆ. ಮಂಗಳವಾರ ಸಂಜೆ ಏಳಕ್ಕೆ ಸಿಲ್ಕ್ ಬೋರ್ಡಿನಲ್ಲಿ ಒಬ್ಬ ರಿವ್ಯೂಕಾರನೂ ನನಗೆ ಎದುರಾಗಿಲ್ಲ. ಫ್ರೇಮಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಅದರ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಟಿಫನ್ ಡಬ್ಬಿ, ಒಂದು ಜೊತೆ ಒಣ ಬಟ್ಟೆ ಎಲ್ಲಿ ಕೂರುತ್ತವೆ ಅಂತ ಹೇಳೋದಿಲ್ಲ. ಬೆನ್ನಿಗೆ ಹಾಕಿಕೊಳ್ಳಿ ಅಂತ ಇರಬೇಕು. ಬಿಟಿಎಂನಿಂದ ಬೆಳ್ಳಂದೂರಿಗೆ ಒಂಬತ್ತು ಕಿಲೋಮೀಟರು ಬ್ಯಾಗು ಹೊತ್ತು ತುಳಿದು, ಬೆನ್ನಿಗೆ ಅಂಟಿದ ಶರ್ಟಿನಲ್ಲಿ ಸ್ಟ್ಯಾಂಡಪ್ ಮೀಟಿಂಗಿಗೆ ನಿಂತವರಿಗೆ ಕ್ಯಾರಿಯರ್ ಬೆಲೆ ಗೊತ್ತಾಗುತ್ತೆ.

ಮಡ್‌ಗಾರ್ಡಿನ ಬೆಲೆ ನನಗೆ ಗೊತ್ತಾಗಿದ್ದು ಮೊದಲ ಮೇ ತಿಂಗಳಲ್ಲಿ. ಸಂಜೆ ಮಳೆ ನಿಂತ ಮೇಲೇ ಹೊರಟಿದ್ದೆ, ಮೇಲಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಮನೆಗೆ ಬಂದಾಗ ಸೊಂಟದಿಂದ ಕತ್ತಿನವರೆಗೆ ಒಂದೇ ಗೆರೆ, ಅಗರದ ರಸ್ತೆಯ ಕಪ್ಪು ನೀರಿಂದು. ಮರುದಿನ ಆನ್‌ಲೈನಲ್ಲಿ ಸಿಕ್ಕಿದ, ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡೊಂದನ್ನು ತರಿಸಿದೆ. ಫೋಟೋದಲ್ಲಿ ಚೂಪಾಗಿ, ಹಕ್ಕಿ ಬಾಲದ ಹಾಗೆ ಚೆಂದವಾಗಿತ್ತು. ಅದು ಕಾಪಾಡಿದ್ದು ಬೆನ್ನಿನ ಅರ್ಧ ಮಾತ್ರ. ಮುಂದಿನ ಚಕ್ರ ಎರಚುವ ನೀರು ಶೂಗೆ, ಚೈನಿಗೆ ಬಡಿಯುತ್ತಲೇ ಇತ್ತು. ಚೈನಿಗೆ ಕವರ್ ಇಲ್ಲ ನೋಡಿ, ವಾರದಲ್ಲಿ ತುಕ್ಕಿನ ಬಣ್ಣ. ಕೊನೆಗೆ ಚಕ್ರವನ್ನು ಅರ್ಧ ಸುತ್ತುವರಿದು ಕಂಬಿಗಳ ಮೇಲೆ ನಿಲ್ಲುವ, ಉದ್ದನೆಯ, ಹಳೇ ನಮೂನೆಯ ಮಡ್‌ಗಾರ್ಡು ಹುಡುಕಿ ಹಾಕಿಸಿದೆ. ಫ್ರೇಮಿನಲ್ಲಿ ಅದರ ಸ್ಕ್ರೂಗೆ ತೂತು ಕೊಟ್ಟಿದ್ದರು, ಪುಣ್ಯಕ್ಕೆ. ತೂತು ಕೊಡುವಷ್ಟು ಬುದ್ಧಿ ಇದ್ದವರಿಗೆ ಮಡ್‌ಗಾರ್ಡೇ ಕೊಡೋಕೆ ಏನಾಗಿತ್ತು?

ಗೇರಿನ ಬಗ್ಗೆ ಹೆಚ್ಚು ಹೇಳೋದಿಲ್ಲ. 21ರಲ್ಲಿ ನಾನು ಬಳಸೋದು ನಾಲ್ಕು. ಫ್ಲೈಓವರ್ ಹತ್ತೋಕೆ ಬೇಕು, ನಿಜ. ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂತರೆ ಸಾಕು, ಗಾಳಿಕಿಂಡಿ ಎಣಿಸಬೇಡಿ.

ಆದರೆ ವಾಲ್ವಿನ ವಿಷಯ ಹೇಳಲೇಬೇಕು, ಯಾಕಂದ್ರೆ ಇದನ್ನು ಯಾರೂ ಹೇಳೋದಿಲ್ಲ. ಊರಿನ ಸೈಕಲ್ಲಿನಲ್ಲಿ ವಾಲ್ ಟ್ಯೂಬಿನ ರಬ್ಬರು ಹಾಕುವ ವಾಲ್ವು, ಬೈಕು ಕಾರಿನಲ್ಲಿ ದಪ್ಪನೆಯ ಶ್ರೇಡರ್, ನನ್ನ ಸೈಕಲ್ಲಿನಲ್ಲಿ ತೆಳ್ಳಗಿನ ಪ್ರೆಸ್ಟಾ. ಇಬ್ಬಲೂರಿನ ಹತ್ತಿರ ಗಾಳಿ ಇಳಿದಾಗ ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವರು ಕಂಪ್ರೆಸರ್ ಪೈಪು ಹಿಡಿದು ಬಗ್ಗಿದವರು, ವಾಲ್ವು ನೋಡಿ ಎದ್ದು ನಿಂತರು. ‘ಇದು ಯಾವ್ದು ಸಾರ್, ಆಸ್ಪತ್ರೆ ಸಾಮಾನು ಇದ್ದಂಗೈತೆ?’ ಲಾರಿ ಟೈರಿಗೆ ಗಾಳಿ ತುಂಬುವ ಅಂಗಡಿ ನನ್ನ ಸೈಕಲ್ಲಿನ ಮುಂದೆ ಸೋತಿತು. ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿದ್ದಿದ್ದರೆ ಮುಗಿದಿತ್ತು, ಅದರ ಬೆಲೆ ಒಂದು ಮಸಾಲೆದೋಸೆಗಿಂತ ಕಮ್ಮಿ. ಈಗ ಅದು ನನ್ನ ಬೀಗದ ಕೈ ಗೊಂಚಲಲ್ಲಿದೆ. ದಿನವೂ ಓಡಿಸುವ ಸೈಕಲ್ಲು ಆರಿಸುವಾಗ ನಿಮ್ಮ ದಾರಿಯ ಪಂಕ್ಚರ್ ಅಂಗಡಿಯವರು ಅದಕ್ಕೆ ಕೈ ಹಾಕಬಲ್ಲರಾ ಅಂತ ಮೊದಲು ನೋಡಿ, ಉಳಿದದ್ದು ಆಮೇಲೆ.

ಕಳೆದ ವರ್ಷ ಆನ್‌ಸೈಟ್ ಅಂತ ನೆದರ್‌ಲೆಂಡ್ಸ್‌ಗೆ ಹೋದ ಗೆಳೆಯನೊಬ್ಬ ಆಫೀಸಿಗೆ ಓಡಿಸುವ ತನ್ನ ಸೈಕಲ್ಲಿನ ಫೋಟೋ ಕಳಿಸಿದ್ದ. ಕಪ್ಪು ಬಣ್ಣ, ನೆಟ್ಟಗೆ ಕೂರುವ ಹ್ಯಾಂಡಲ್ಲು, ಉದ್ದ ಮಡ್‌ಗಾರ್ಡು, ಪೂರ್ತಿ ಚೈನ್ ಕವರು, ಕ್ಯಾರಿಯರ್ರು, ಸ್ಟ್ಯಾಂಡು. ನಾನು ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅಪ್ಪನ ಸೈಕಲ್ಲೇ! ಆಶ್ಚರ್ಯವೇನಿಲ್ಲ, ಎರಡೂ ಹಳೇ ಇಂಗ್ಲಿಷ್ ರೋಡ್‌ಸ್ಟರ್ ವಂಶದವೇ. ಅವರು ಬ್ರೇಕು, ಲೈಟು, ಗೇರು ಸುಧಾರಿಸಿಕೊಂಡರು, ಮಡ್‌ಗಾರ್ಡು ಕಿತ್ತು ಹಾಕಲಿಲ್ಲ. ನಮ್ಮಲ್ಲಿ ಹಳೇ ಸೈಕಲ್ಲು ಹಳೇದಾಗೇ ಉಳೀತು, ಹೊಸದು ಬೆತ್ತಲೆ ಬಂತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ಕ್ಕೆ. ಅವತ್ತು ವಿಶ್ವ ಸೈಕಲ್ ದಿನ.

ಅದೇ ವರ್ಷ ನಮ್ಮ ಹೊರ ವರ್ತುಲ ರಸ್ತೆಗೆ ಸೈಕಲ್ ಪಥ ಬಂದಿತ್ತು, ಕಂಬ ನೆಟ್ಟು, ಗೆರೆ ಎಳೆದು. ಕಂಬಗಳು ಒಂದೊಂದಾಗಿ ಮುರಿದವು, ಬೈಕುಗಳು ಒಳಗೆ ನುಗ್ಗಿದವು, ಆಮೇಲೆ ಮೆಟ್ರೋ ಕೆಲಸ ಬಂತು. ಈಗ ನನ್ನ ಪಥ ಅಂದ್ರೆ ಬಿಎಂಟಿಸಿ ಬಸ್ಸಿನ ಎಡಗಡೆಗೂ ಚರಂಡಿ ಕಲ್ಲಿಗೂ ನಡುವೆ ಉಳಿದ ಜಾಗ. ಒಂದು ಸಂಜೆ ಆ ಜಾಗ ಪೂರ್ತಿ ಮುಗಿದು, ಬಸ್ಸಿನ ಮೈ ನನ್ನ ಮೊಣಕೈಗೆ ಸವರಿ ಹೋಯಿತು. ಬಿದ್ದೆ, ಪುಟ್‌ಪಾತಿನ ಕಡೆಗೆ ಬಿದ್ದೆ. ಡ್ರೈವರಿಗೆ ನಾನು ಕಂಡೇ ಇರಲಿಲ್ಲ, ಕಾಣೋಕೆ ಸಾಧ್ಯವೂ ಇರಲಿಲ್ಲ. ಹಿಂದಿನ ಲೈಟಿನ ಚಾರ್ಜ್ ಮುಗಿದು ಮೂರು ದಿನ ಆಗಿತ್ತು. ಅಪ್ಪನ ಡೈನಮೋ ಸಿಗ್ನಲ್ಲಿನಲ್ಲಿ ನಿಂತರೆ ಆರಿಹೋಗುತ್ತೆ ಅಂತ ನಗುತ್ತಿದ್ದವನು ನಾನು. ಅದಕ್ಕೆ ಚಾರ್ಜ್ ಮಾಡೋದು ಮರೆಯುವ ಪ್ರಶ್ನೆಯೇ ಇರಲಿಲ್ಲ. ಆ ತಿಂಗಳು ನಾನು ಸೈಕಲ್ಲಿಗೆ ಅಂತ ಖರ್ಚು ಮಾಡಿದ್ದು ಏನಕ್ಕೆ ಗೊತ್ತಾ? ಫೋನ್ ಸಿಕ್ಕಿಸುವ ಹೋಲ್ಡರಿಗೆ. ಈಗ ಹಿಂದೆ ಎರಡು ಕೆಂಪು ಲೈಟು ಇವೆ, ಎರಡೂ ಬೇರೆ ಬೇರೆ ದಿನ ಚಾರ್ಜಿಗೆ ಹೋಗುತ್ತವೆ.

ಅಪ್ಪ ಬೆಂಗಳೂರಿಗೆ ಬಂದಾಗ ಮೊಣಕೈ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಬಾಲ್ಕನಿಯಲ್ಲಿದ್ದ ಸೈಕಲ್ಲನ್ನೂ ನನ್ನನ್ನೂ ನೋಡಿ, ‘ನಿನ್ನ ಬಿಇ ಓದ್ಸಿದ್ದು ಇದರಿಂದ ಇಳೀಲಿ ಅಂತ ಕಣೋ’ ಅಂದರು. ಕೆರೆ ನೀರು ಉಳಿಸೋ, ಗಾಳಿ ಉಳಿಸೋ ಮಾತೆಲ್ಲ ಬಾಯಿಗೆ ಬಂತು, ಆಡಲಿಲ್ಲ. ಅವರಿಗೆ ಸೈಕಲ್ಲು ಆಯ್ಕೆ ಆಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಹೋಗಿ ನನ್ನ ಮಡ್‌ಗಾರ್ಡಿನ ಕಂಬಿ ಅಲ್ಲಾಡಿಸಿ, ‘ಸಡಿಲ ಆಗೈತೆ, ಸ್ಪ್ಯಾನರ್ ಕೊಡು’ ಅಂದರು.

ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ಸೈಕಲ್ಲಿಗೆ ಅಂತ ಸ್ಟ್ಯಾಂಡಿದೆ, ಪಕ್ಕದಲ್ಲೇ ಸ್ನಾನದ ಕೋಣೆ. ಸೆಕ್ಯುರಿಟಿ ಅಣ್ಣನೊಬ್ಬರು, ಕನಕಪುರದ ಕಡೆಯವರು, ನನಗಿಂತ ದೂರದಿಂದ ಸೈಕಲ್ಲಲ್ಲೇ ಬರುತ್ತಾರೆ. ಆದರೆ ಸ್ಟ್ಯಾಂಡು ಎಂಪ್ಲಾಯಿಗಳಿಗೆ ಮಾತ್ರ. ಅವರ ಸೈಕಲ್ಲು ಗೇಟಿನ ಹೊರಗೆ, ಹೊಂಗೆಮರಕ್ಕೆ ಚೈನು ಕಟ್ಟಿ. ಸೈಕಲ್ ಟು ವರ್ಕ್ ಅಂತ ಪೋಸ್ಟರ್ ಅಂಟಿಸಿದ ಗೋಡೆಯ ಆಚೆ ಬದಿಗೆ. ಐದು ವರ್ಷ ಅದನ್ನು ದಾಟಿಕೊಂಡೇ ಒಳಗೆ ಹೋಗಿದ್ದೇನೆ, ಕಣ್ಣಿಗೆ ಬಿದ್ದಿದ್ದು ಹೋದ ತಿಂಗಳು ಅದು ಕಳವಾದಾಗ.

‘ಸಾರ್, ನಿಮಗೆ ಸೈಕಲ್ ಬಗ್ಗೆ ಗೊತ್ತಲ್ಲ, ಒಂದು ನೋಡಿಕೊಡಿ’ ಅಂದರು. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಇಬ್ಬರೂ ಹೋದೆವು. ನಾನು ಗೇರಿನದೊಂದನ್ನು ತೋರಿಸಿದೆ, ಒಳ್ಳೇ ಬೆಲೆ, ಹಗುರ. ಅವರು ಅದರ ಹಿಂದೆ ಕೈಯಾಡಿಸಿ, ‘ಗ್ಯಾಸ್ ಸಿಲಿಂಡರ್ ಎಲ್ಲಿ ಇಡ್ಲಿ ಸಾರ್?’ ಅಂದರು. ಆಮೇಲೆ ಮೂಲೆಯಲ್ಲಿದ್ದ ಕಪ್ಪು ಸೈಕಲ್ಲನ್ನು ಎಳೆದು ತಂದು, ಸ್ಟ್ಯಾಂಡು ಹಾಕಿ, ಹಿಂದಿನ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದರು. ಕ್ಯಾರಿಯರ್ ಮೇಲೆ ಎರಡೂ ಕೈಯೂರಿ ಮೈಭಾರ ಬಿಟ್ಟರು. 3,200ಕ್ಕೆ ಮಾತಾಯಿತು. ನನ್ನ ಎರಡು ಕೆಂಪು ಲೈಟಿನಲ್ಲಿ ಒಂದನ್ನು ಅದಕ್ಕೆ ಕಟ್ಟಿದೆ. ಚಾರ್ಜ್ ಮಾಡೋದು ಹೇಗೆ ಅಂತ ಹೇಳಿಕೊಡೋಕೆ ಹೋದರೆ, ‘ಗೊತ್ತು ಬಿಡಿ ಸಾರ್’ ಅಂದರು.

ಅವರ ಸೈಕಲ್ಲನ್ನೂ ಒಳಗೆ ಬಿಡಿ ಅಂತ ಫೆಸಿಲಿಟೀಸ್‌ನವರಿಗೆ ಮೇಲ್ ಹಾಕಿದ್ದೇನೆ. ಟಿಕೆಟ್ ನಂಬರ್ ಬಂದಿದೆ. ಸೈಕಲ್ಲು ಸದ್ಯಕ್ಕೆ ಹೊಂಗೆಮರಕ್ಕೇ, ಈ ಸಲ ಎರಡು ಬೀಗ.