ಇಲ್ಲದ ಅಂಗಿಯ ಜಾಡು

1860ರ ಜೂನ್ 29ರ ರಾತ್ರಿ ಇಂಗ್ಲೆಂಡಿನ ರೋಡ್ ಹಿಲ್ ಹೌಸ್‌ನಲ್ಲಿ ನಾಲ್ಕು ತುಂಬದ ಸ್ಯಾವಿಲ್ ಕೆಂಟ್‌ನ ಕೊಲೆಯಾಯಿತು. ಸ್ಕಾಟ್ಲೆಂಡ್ ಯಾರ್ಡ್‌ನ ಪತ್ತೇದಾರ ಜಾಕ್ ವಿಚರ್ ಅಲ್ಲಿಗೆ ಹೋದದ್ದು ಎರಡು ವಾರ ತಡವಾಗಿ. ಕುರುಹುಗಳೆಲ್ಲ ಆಗಲೇ ಕಲಸಿಹೋಗಿದ್ದವು. ಬೆರಳಚ್ಚಿನ ಕಾಲವೂ ಅದಲ್ಲ.

ಆತ ಹುಡುಕಿದ್ದು ಇದ್ದದ್ದನ್ನಲ್ಲ, ಇಲ್ಲದ್ದನ್ನು. ಸ್ಯಾವಿಲ್‌ನ ಮಲಅಕ್ಕ, ಹದಿನಾರರ ಕಾನ್‌ಸ್ಟನ್ಸ್‌ಳ ಬಟ್ಟೆಪಟ್ಟಿಯಲ್ಲಿ ರಾತ್ರಿ ತೊಡುವ ಅಂಗಿಗಳು ಮೂರು, ಸಿಕ್ಕಿದ್ದು ಎರಡು. ಒಗೆಯಲು ಹಾಕಿದಾಗ ಕಳೆಯಿತು ಎಂದಳು. ರಕ್ತದ ಕಲೆಯ ಅಂಗಿಯನ್ನು ಆಕೆ ಇಲ್ಲವಾಗಿಸಿದ್ದಾಳೆ ಎಂಬುದು ವಿಚರ್‌ನ ಊಹೆ. ಅಗಸರ ಲೆಕ್ಕದಿಂದ ಕೊಲೆಗಾರರನ್ನು ಹಿಡಿಯಹೊರಟ ಈ ಬುದ್ಧಿಗೆ ನಾನಂತೂ ಮಾರುಹೋಗಿದ್ದೇನೆ.

ಊರು ಮಾರುಹೋಗಲಿಲ್ಲ. ದೊಡ್ಡಮನೆಯ ಹುಡುಗಿಯ ಒಳಬಟ್ಟೆ ಕೆದಕಿದನೆಂದು ಪತ್ರಿಕೆಗಳು ಉಗಿದವು. ಬಂಧನದಲ್ಲಿದ್ದ ಕಾನ್‌ಸ್ಟನ್ಸ್ ಬಿಡುಗಡೆಯಾದಳು, ವಿಚರ್‌ನ ಹೆಸರು ಕೆಟ್ಟಿತು. 1865ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು. ಅಷ್ಟರಲ್ಲಿ ಆತ ನೌಕರಿ ಬಿಟ್ಟಾಗಿತ್ತು.

ವಿಲ್ಕಿ ಕಾಲಿನ್ಸ್ 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಆ ಅಂಗಿಗೆ ರಕ್ತದ ಬದಲು ಬಣ್ಣ ಮೆತ್ತಿದ. ಅದರ ಪತ್ತೇದಾರ ಕಫ್‌ನಲ್ಲಿ ವಿಚರ್‌ನ ಛಾಯೆಯಿದೆ.